ಶಾಸನದ ದೀರ್ಘವಾಕ್ಯವೂ ಇಂಗ್ಲಿಷಿನ ಅಲ್ಪವಿರಾಮವೂ

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯು ಕೋಡಿಮಠದ ಕಾರಣದಿಂದ ನಾಡಿನ ಭಕ್ತವೃಂದಕ್ಕೆ ಸುಪರಿಚಿತವಾದ ಊರು. ಇತಿಹಾಸದ ವಿದ್ಯಾರ್ಥಿಗೆ ಅದು ಪರಿಚಿತವಾಗಿರುವುದು ಅಲ್ಲಿಯ ಎರಡು ಹೊಯ್ಸಳ ದೇವಾಲಯಗಳಿಂದ. ಚೆನ್ನಕೇಶವ ಹಾಗೂ ಸೋಮೇಶ್ವರ ಎಂಬ ಈ ಗುಡಿಗಳು ಇಮ್ಮಡಿ ನರಸಿಂಹ ಮತ್ತು ಸೋಮೇಶ್ವರರ ಆಳ್ವಿಕೆಗಳ ಸಂಧಿಕಾಲದಲ್ಲಿ, ಕ್ರಿ. ಶ. 1235ರ ಸುಮಾರಿಗೆ ನಿರ್ಮಾಣಗೊಂಡವು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಶ್ರೀಮಂತ ಸಹೋದರರು ಇವುಗಳನ್ನು ಕಟ್ಟಿಸಿದರೆಂದು ತಿಳಿದುಬರುತ್ತದೆ. ಒಂದೇ ಮನೆತನದವರು ಹರಿಗೂ ಹರನಿಗೂ ಗುಡಿ ಎತ್ತಿಸಿದುದು ಆ ಕಾಲದ ಧರ್ಮಸೌಹಾರ್ದಕ್ಕೆ ನಿದರ್ಶನವೆಂದು ಹಲವರು ಬರೆದಿದ್ದಾರೆ. ಅದನ್ನು ಇಲ್ಲಿ ಮತ್ತೆ ವಿಸ್ತರಿಸಬೇಕಾಗಿಲ್ಲ. ಪ್ರಕೃತ ಲೇಖನದ ವಿಷಯ ಬೇರೆ. ಇಂತಹ ದಾನಗಳನ್ನು ದಾಖಲಿಸಿದ ಶಾಸನಗಳ ವಾಕ್ಯರಚನೆ ಎಂತಹುದು, ವಿರಾಮಚಿಹ್ನೆಯ ಆಸರೆಯಿಲ್ಲದೆ ಅದು ಹೇಗೆ ನಿಂತಿತು, ಅದನ್ನು ಇಂಗ್ಲಿಷಿಗೆ ತಂದವರು ಅಲ್ಪವಿರಾಮ ಮೊದಲಾದ ಚಿಹ್ನೆಗಳನ್ನು ಎಲ್ಲಿ, ಏಕೆ ಇಡಬೇಕಾಯಿತು ಎಂಬುದೇ ನಮ್ಮ ವಿಚಾರ.

ಅರಸೀಕೆರೆ, ಬೇಲೂರು ಮೊದಲಾದ ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದವು. ಸಂಪಾದಕರು ಬೆಂಜಮಿನ್ ಲೂಯಿ ರೈಸ್. ಬೆಂಗಳೂರಿನಲ್ಲಿಯೇ 1837ರಲ್ಲಿ ಜನಿಸಿದ ಈ ಮಹನೀಯರು ಶಾಸನಶೋಧಕರೆನಿಸುವ ಮೊದಲು ಶಾಲೆಯ ಮುಖ್ಯೋಪಾಧ್ಯಾಯರು, ಅನಂತರ ವಿದ್ಯಾ ಇಲಾಖೆಯ ಅಧಿಕಾರಿಗಳು. ಉಪಾಧ್ಯಾಯವೃತ್ತಿಯಲ್ಲಿ ಕೂದಲು ನರೆತ ನಮ್ಮಂಥವರಿಗೆ ಇದೊಂದು ಸಂತೋಷದ ಸಂಗತಿ. 1906ರಲ್ಲಿ ನಿವೃತ್ತರಾಗುವ ವೇಳೆಗೆ ಅವರು ತಮ್ಮ ಪಂಡಿತರ ನೆರವಿನಿಂದ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದಿದ್ದರು. ಸಂಪುಟಗಳಲ್ಲಿ ಮೂಲಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ಪಾಠವನ್ನು ಪರಿಷ್ಕರಿಸಿದವರು ಮುಂದೆ ಹಲವರಿದ್ದಾರೆ. ಅನುವಾದದ ವಾಕ್ಯಶಿಲ್ಪವನ್ನು ಗಮನಿಸಿದವರು ವಿರಳ.

ಹೊಯ್ಸಳ ಶಾಸನದ ವಾಕ್ಯವು ಹೇಗಿರುತ್ತದೆಂಬುದನ್ನು ತಿಳಿಯಲು ಒಂದು ಮಾದರಿಯನ್ನು ನಾನೇ ಇಂದಿನ ಕನ್ನಡದಲ್ಲಿ ಕಟ್ಟಿ ತೋರಿಸುತ್ತೇನೆ. ಇದು ಯಾವ ಕಲ್ಲಿನ ಪಾಠವೂ ಅಲ್ಲ, ಕೇವಲ ಅಚ್ಚು: ‘ದ್ವಾರಾವತೀಪುರವರಾಧೀಶ್ವರನೂ ಯಾದವಕುಲಾಂಬರದ್ಯುಮಣಿಯೂ ಆದ ಅರಸನು ದೋರಸಮುದ್ರದ ನೆಲೆವೀಡಿನಲ್ಲಿ ಸುಖದಿಂದ ರಾಜ್ಯವನ್ನಾಳುತ್ತಿರಲು ಆತನ ಪಾದಪದ್ಮೋಪಜೀವಿಯಾದ ಹೆಗ್ಗಡೆಯು ತನ್ನ ತಮ್ಮಂದಿರೊಡಗೂಡಿ ಗುಡಿಯನ್ನು ಕಟ್ಟಿಸಿ ದೇವರನ್ನು ಪ್ರತಿಷ್ಠಿಸಿ ಅಂಗಭೋಗ ರಂಗಭೋಗಗಳಿಗೆಂದು ಕೆರೆಯ ಕೆಳಗಣ ಗದ್ದೆಯನ್ನು ಧಾರೆಯೆರೆದು ಕೊಟ್ಟನು.’ ಶಿಲೆಯ ಮೇಲೆ ಇದರ ಹತ್ತರಷ್ಟು ಉದ್ದದ ವಾಕ್ಯಗಳುಂಟು. ಅರಸನ ಬಿರುದಾವಳಿಯೇ ಹಲವು ಪಂಕ್ತಿಗಳನ್ನು ನುಂಗುತ್ತದೆ; ನಡುವೆ ವಂಶವರ್ಣನೆಯ ಪದ್ಯಗಳು ಬರುತ್ತವೆ. ಕೊನೆಯ ಕ್ರಿಯಾಪದವೊಂದು ಬರುವವರೆಗೆ ವಾಕ್ಯವು ಮುಗಿಯುವುದಿಲ್ಲ. ಆದರೂ ಓದುಗನು ದಾರಿತಪ್ಪುವುದಿಲ್ಲ. ಅದು ಏಕೆ?

ಕನ್ನಡದಲ್ಲಿ ಪದಗಳ ಪರಸ್ಪರ ಸಂಬಂಧವು ಪದದ ಬಾಲದಲ್ಲಿಯೇ ಇರುತ್ತದೆ ಎಂಬುದೇ ಇದಕ್ಕೆ ಕಾರಣ. ‘ಆಳುತ್ತಿರಲು’ ಎಂಬಲ್ಲಿಯ ‘ಇರಲು’, ಹಳಗನ್ನಡದ ‘ಇರೆ’, ಎರಡು ಕೆಲಸಗಳನ್ನು ಮಾಡುತ್ತದೆ. ಇಲ್ಲಿಗೆ ಒಂದು ಉಪವಾಕ್ಯವು ಮುಗಿಯಿತು ಎನ್ನುತ್ತದೆ. ಮುಂದೆ ಮತ್ತೊಬ್ಬ ಕರ್ತೃವು ಬರಲಿದ್ದಾನೆಂದೂ ಸೂಚಿಸುತ್ತದೆ. ‘ಕಟ್ಟಿಸಿ’, ‘ಪ್ರತಿಷ್ಠಿಸಿ’, ‘ಎರೆದು’ ಎಂಬ ಭೂತನ್ಯೂನಗಳು ಅದೇ ಕರ್ತೃವಿನ ಕೆಲಸಗಳು ಕ್ರಮವಾಗಿ ಸಾಗುತ್ತಿವೆ, ವಾಕ್ಯವಿನ್ನೂ ಮುಗಿದಿಲ್ಲ ಎಂದು ತಿಳಿಸುತ್ತವೆ. ‘ಕೊಟ್ಟನು’ ಎಂಬಲ್ಲಿಯ ಆಖ್ಯಾತಪ್ರತ್ಯಯವೇ ಪೂರ್ಣವಿರಾಮ. ಹಾಗೆಯೇ ‘ಎಂದು’, ‘ಎಂಬ’, ‘ಎನೆ’ ಎಂಬ ರೂಪಗಳು ಅನ್ಯರ ಮಾತು ಎಲ್ಲಿಗೆ ಮುಗಿಯಿತೆಂಬುದನ್ನು ತೋರಿಸುವ ಉದ್ಧರಣಚಿಹ್ನೆಗಳು. ‘ಅಂತು’ ಎಂಬುದು ಲೆಕ್ಕವನ್ನು ಕೂಡಿಸುವ ಗೀಟು. ಮೊದಲಿನ ‘ಸ್ವಸ್ತಿ’ ಮತ್ತು ಕೊನೆಯ ‘ಮಂಗಳ ಮಹಾ ಶ್ರೀ’ಗಳು ಶಾಸನದ ಎರಡು ಕದಗಳು. ಎಲ್ಲೆ ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂಬ ದಿಕ್ಕಿನ ಹೆಸರುಗಳೇ ಒಂದು ಎಲ್ಲೆಯನ್ನು ಇನ್ನೊಂದರಿಂದ ಬೇರ್ಪಡಿಸುತ್ತವೆ. ಗದ್ದೆಯ ಗಡಿಯ ವಿಷಯದಲ್ಲಿ ಚುಕ್ಕೆಯೊಂದನ್ನು ನಂಬಿ ಕೂರುವಷ್ಟು ಭೋಳೆತನ ನಮ್ಮ ಪೂರ್ವಿಕರಲ್ಲಿ ಇರಲಿಲ್ಲ!

ಚಿಹ್ನೆಗಳೇ ಇರಲಿಲ್ಲವೆಂದಲ್ಲ. ಪದ್ಯಾರ್ಧಕ್ಕೆ ಒಂದು ಗೀಟು, ಪದ್ಯಾಂತ್ಯಕ್ಕೆ ಎರಡು ಗೀಟು, ಕಂದಕ್ಕೆ ‘ಕಂ’, ವೃತ್ತಕ್ಕೆ ‘ವೃ’, ಗದ್ಯಕ್ಕೆ ‘ವ’ ಎಂಬ ಸಂಕೇತಗಳು ರೂಢಿಯಲ್ಲಿದ್ದವು. ಆದರೆ ಇವು ರಚನೆಯ ಜಾತಿಯನ್ನು ತಿಳಿಸುವ ಗುರುತುಗಳೇ ಹೊರತು ವಾಕ್ಯದ ಅಂಗಗಳನ್ನು ಬಿಡಿಸುವಂಥವಲ್ಲ. ಹಾರನಹಳ್ಳಿಯ ದೇವಾಲಯಗಳು ಎದ್ದು ಒಂದು ತಲೆಮಾರು ಕಳೆಯುವುದರೊಳಗೆ, 1260ರ ಸುಮಾರಿಗೆ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ಅವನ ತಂದೆ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿದ್ದವನು. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಭಾಷೆಯ ಒಂದೊಂದು ಅಂಗವನ್ನೂ ಪರಿಶೀಲಿಸಿದ ಆ ಮಹಾವೈಯಾಕರಣನು ವಿರಾಮಚಿಹ್ನೆಗೆ ಒಂದು ಪ್ರಕರಣವನ್ನು ಮೀಸಲಿಡಲಿಲ್ಲ. ಇಡುವ ಅಗತ್ಯವಿರಲಿಲ್ಲ, ಅವನ ನಾಮ ಮತ್ತು ಅವ್ಯಯ ಪ್ರಕರಣಗಳೇ ಆ ಕೆಲಸವನ್ನು ಮಾಡಿದ್ದವು. ಛಂದಸ್ಸಿನಲ್ಲಿಯೂ ಯತಿಯ ಕಟ್ಟನ್ನು ಮೀರುವುದು ಕನ್ನಡ ಕವಿಗಳಿಗೆ ದೋಷವೆನಿಸಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಓಲೆಗರಿಯ ವಿಷಯವೂ ಹೀಗೆಯೇ. ಕಂಟದ ಮೊನೆಯಿಂದ ಒತ್ತಿದ ಚುಕ್ಕೆಯು ಗರಿಯನ್ನು ತೂತುಮಾಡಬಲ್ಲದು. ಸಣ್ಣ ವೃತ್ತವನ್ನು ಬರೆದರೆ ಅದು ಸೊನ್ನೆಯೆಂದು ಭ್ರಮೆ ಹುಟ್ಟಿಸುತ್ತದೆ. ‘ಬಸವಣ್ಣ’ ಎಂಬುದನ್ನು ‘ಬಸವಂಣ’ ಎಂದು ಬರೆಯುತ್ತಿದ್ದ ಲಿಪಿಕಾರರ ಓಲೆಗಳಲ್ಲಿ ಸೊನ್ನೆಗಳಿಗೆ ಮೊದಲೇ ಬಡತನವಿರಲಿಲ್ಲ.

ಇನ್ನು ಇಂಗ್ಲಿಷಿನ ಕಡೆಗೆ ಬರೋಣ. ಆ ಭಾಷೆಯು ಕಾಲಕ್ರಮದಲ್ಲಿ ತನ್ನ ಹಳೆಯ ವಿಭಕ್ತಿಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಯಾವುದು ಕರ್ತೃ, ಯಾವುದು ಕರ್ಮ ಎಂಬುದನ್ನು ಅಲ್ಲಿ ಪದದ ಸ್ಥಾನವು ನಿರ್ಣಯಿಸುತ್ತದೆ. ಸ್ಥಾನವೇ ಪ್ರಧಾನವಾದಾಗ, ನಡುವೆ ನುಗ್ಗಿಬಂದ ಮಾತನ್ನು ‘ಇದು ನಡುವಿನದು’ ಎಂದು ಗುರುತಿಸುವ ಬೇಲಿಯೊಂದು ಬೇಕಾಗುತ್ತದೆ. ಆ ಬೇಲಿಯೇ ಅಲ್ಪವಿರಾಮ. ನಮ್ಮಲ್ಲಿ ‘ಇರಲು’ ಮಾಡುವ ಕೆಲಸವನ್ನು ಅಲ್ಲಿ ‘ವ್ಹೆನ್’ ಎಂಬ ಪದವೂ ಒಂದು ಕಾಮಾ ಚಿಹ್ನೆಯೂ ಸೇರಿ ಮಾಡಬೇಕು.

ರೈಸ್ ಅವರ ಅನುವಾದವನ್ನು ಈ ದೃಷ್ಟಿಯಿಂದ ಓದಿದರೆ ಅವರ ಕಷ್ಟವೂ ಜಾಣ್ಮೆಯೂ ಗೋಚರಿಸುತ್ತವೆ. ‘ಸುಖಸಂಕಥಾವಿನೋದದಿಂ ರಾಜ್ಯಂ ಗೆಯ್ಯುತ್ತಮಿರೆ’ ಎಂಬ ಸ್ಥಿರಸೂತ್ರದವರೆಗಿನ ಭಾಗವನ್ನು ಅವರು ‘ವ್ಹೆನ್’ ಎಂದು ಆರಂಭಿಸಿ, ಬಿರುದುಗಳನ್ನು ಅಲ್ಪವಿರಾಮಗಳಿಂದ ಬಿಡಿಸಿ, ಕೊನೆಗೆ ಒಂದು ವಿವರಣಚಿಹ್ನೆಯನ್ನೂ ಅದರ ಬೆನ್ನಿಗೆ ಒಂದು ಅಡ್ಡಗೆರೆಯನ್ನೂ ಇಡುತ್ತಾರೆ. ಈ ಜೋಡಿಚಿಹ್ನೆಯು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮುದ್ರಣದಲ್ಲಿ ಸಾಮಾನ್ಯವಾಗಿತ್ತು. ಈಗಿನ ಇಂಗ್ಲಿಷ್ ಅದನ್ನು ಬಿಟ್ಟಿದೆ. ಆದರೆ ‘ಇರೆ’ಗೆ ಅದಕ್ಕಿಂತ ಒಪ್ಪುವ ಚಿಹ್ನೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ರಾಜನ ವರ್ಣನೆಯೆಂಬ ಅಂಗಳವನ್ನು ದಾಟಿ ದಾನಿಯ ಮನೆಯ ಹೊಸ್ತಿಲಲ್ಲಿ ನಿಂತಂತೆ ಅದು ಕಾಣುತ್ತದೆ. ಮುಂದೆ ಪೂರ್ಣವಿರಾಮವನ್ನಿಟ್ಟು ಹೊಸ ವಾಕ್ಯವನ್ನು ಆರಂಭಿಸಿಬಿಟ್ಟರೆ, ಅರಸನ ಆಳ್ವಿಕೆಗೂ ದಾನಕ್ಕೂ ಇರುವ ಕಾಲಸಂಬಂಧವು ಕಡಿದುಹೋಗುತ್ತದೆ. ಬಿರುದುಗಳು ಪುನರಾವೃತ್ತವಾದೆಡೆ ಅವರು ‘ಎಂದಿನ ಬಿರುದುಗಳೊಡನೆ’ ಎಂಬರ್ಥದ ಮಾತನ್ನು ಆವರಣದಲ್ಲಿಟ್ಟು ಮುನ್ನಡೆಯುತ್ತಾರೆ. ಸಾವಿರಾರು ಶಾಸನಗಳನ್ನು ಅಚ್ಚಿಗೆ ಸಿದ್ಧಪಡಿಸಬೇಕಾಗಿದ್ದವರಿಗೆ ಅದು ಅನಿವಾರ್ಯವೆಂದು ಒಪ್ಪಬೇಕು. ಆದರೆ ಆ ಆವರಣದೊಳಗೆ ಮೂಲದ ಗಾಂಭೀರ್ಯವೂ ಸಮಾಧಿಯಾಯಿತೆಂಬುದು ಅಷ್ಟೇ ಸತ್ಯ. ಬಿರುದಾವಳಿಯನ್ನು ಬಿಟ್ಟ ಹೊಯ್ಸಳ ಶಾಸನವು ಕೆತ್ತನೆಯನ್ನು ಕೆರೆದು ತೆಗೆದ ಹೊಯ್ಸಳ ಗುಡಿಯಂತೆ.

ಈ ಚಿಹ್ನೆಗಳು ಇಂಗ್ಲಿಷಿಗಾದರೂ ಹುಟ್ಟಿನಿಂದ ಬಂದವುಗಳಲ್ಲ. ಗ್ರೀಕರೂ ರೋಮನರೂ ಪದಗಳ ನಡುವೆ ತೆರಪಿಲ್ಲದೆ, ನಮ್ಮ ಓಲೆಗರಿಗಳಂತೆಯೇ ಒಂದೇ ಎಳೆಯಾಗಿ ಬರೆಯುತ್ತಿದ್ದ ಕಾಲವಿತ್ತು. ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯದ ಗ್ರಂಥಭಂಡಾರದ ಅರಿಸ್ಟೋಫನೀಸ್ ಎಂಬ ವಿದ್ವಾಂಸನು ಮೇಲೆ, ನಡುವೆ, ಕೆಳಗೆ ಎಂಬ ಮೂರು ಸ್ಥಾನಗಳಲ್ಲಿ ಚುಕ್ಕೆಯನ್ನಿಟ್ಟು ಓದುವವನ ಉಸಿರಿಗೆ ಸೂಚನೆ ಕೊಟ್ಟನು. ‘ಕಾಮಾ’ ಎಂಬ ಪದಕ್ಕೆ ಗ್ರೀಕಿನಲ್ಲಿ ‘ಕತ್ತರಿಸಿದ ತುಂಡು’ ಎಂದೇ ಅರ್ಥ. ಮೊದಲು ಅದು ಚಿಹ್ನೆಯ ಹೆಸರಲ್ಲ, ವಾಕ್ಯಖಂಡದ ಹೆಸರು. ಅರ್ಧವಿರಾಮವೆಂದು ನಾವು ಕರೆಯುವ ಸೆಮಿಕೋಲನ್ ಮೊದಲು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸನು 1496ರಲ್ಲಿ ಪ್ರಕಟಿಸಿದ, ಪಿಯೆತ್ರೊ ಬೆಂಬೊ ವಿರಚಿತ ಪುಸ್ತಕದಲ್ಲಿ. ಬಸವಾದಿ ಪ್ರಮಥರು ಲಿಂಗೈಕ್ಯರಾಗಿ ಆಗಲೇ ಮುನ್ನೂರು ವರ್ಷಗಳು ಸಂದಿದ್ದವು.

ಇಲ್ಲಿಂದ ಎರಡು ದಾರಿಗಳು ಒಡೆದವು. ಒಂದು, ಚಿಹ್ನೆಯು ಉಸಿರಿಗೆ ಎಂಬುದು. ಇನ್ನೊಂದು, ಚಿಹ್ನೆಯು ವ್ಯಾಕರಣಕ್ಕೆ ಎಂಬುದು. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರ್ರೆಯ ಇಂಗ್ಲಿಷ್ ವ್ಯಾಕರಣವು ಅಲ್ಪವಿರಾಮದ ಇಮ್ಮಡಿ ಅರ್ಧವಿರಾಮ, ಅದರ ಇಮ್ಮಡಿ ವಿವರಣಚಿಹ್ನೆ, ಅದರ ಇಮ್ಮಡಿ ಪೂರ್ಣವಿರಾಮ ಎಂದು ತಾಳದ ಲೆಕ್ಕವನ್ನು ಹೇಳಿತು. ನಮ್ಮ ಬಾಲ್ಯದ ಶಾಲೆಗಳಲ್ಲಿಯೂ ಅಲ್ಪವಿರಾಮ ಬಂದರೆ ಮನಸ್ಸಿನಲ್ಲಿ ಒಂದು ಎಣಿಸಿ, ಅರ್ಧವಿರಾಮ ಬಂದರೆ ಎರಡು ಎಣಿಸಿ ಎಂಬ ಪಾಠವಿತ್ತು. ಗಟ್ಟಿಯಾಗಿ ಓದುವುದಕ್ಕೆ ಅದು ಒಳ್ಳೆಯ ಪಾಠವೇ. ಬರೆಯುವುದಕ್ಕೆ ಅದು ಸಾಲದು. ನಮ್ಮ ವಿದ್ಯಾರ್ಥಿಗಳ ಇಂಗ್ಲಿಷ್ ದೀರ್ಘವಾಕ್ಯಗಳು ಮುಗ್ಗರಿಸುವುದು ಬಹುತೇಕ ಈ ಎಣಿಕೆಯ ಪಾಠದಿಂದಲೇ. ಉಸಿರು ನಿಂತಲ್ಲೆಲ್ಲ ಅವರು ಕಾಮಾ ಇಡುತ್ತಾರೆ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ.

ಇದನ್ನು ಹಾರನಹಳ್ಳಿಯ ಉದಾಹರಣೆಯಿಂದಲೇ ವಿಶದಪಡಿಸಬಹುದು. ‘ಹಾರನಹಳ್ಳಿಯಲ್ಲಿ ಗುಡಿಗಳನ್ನು ಕಟ್ಟಿಸಿದ ಆ ಮೂವರು ಸಹೋದರರು, ಶ್ರೀಮಂತರಾಗಿದ್ದರು’ ಎಂದು ಕನ್ನಡದಲ್ಲಿ ಬರೆದರೆ ಅಲ್ಪವಿರಾಮವು ಅನಾವಶ್ಯಕವೆನಿಸೀತು, ತಪ್ಪೆನಿಸದು; ನಮ್ಮ ಹಿರಿಯ ಲೇಖಕರಲ್ಲಿಯೂ ದೀರ್ಘ ಕರ್ತೃಪದದ ತರುವಾಯ ಅದು ಕಾಣಸಿಗುತ್ತದೆ. ಇಂಗ್ಲಿಷಿನಲ್ಲಿ ಅದು ದೋಷ. ಕರ್ತೃವು ಎಷ್ಟೇ ಉದ್ದವಾಗಿರಲಿ, ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಅಲ್ಪವಿರಾಮವು ಸಲ್ಲದು. ಇಟ್ಟರೆ ಎರಡನ್ನು ಇಡಬೇಕು, ಆವರಣದ ಎರಡು ತೋಳುಗಳಂತೆ. ನಡುವಿನ ಮಾತನ್ನು ಎತ್ತಿ ಬದಿಗಿಟ್ಟರೂ ಉಳಿದ ವಾಕ್ಯವು ನಿಲ್ಲುವಂತಿರಬೇಕು.

ಆ ಎರಡರ ಮಹತ್ತ್ವ ಅಲ್ಪವಲ್ಲ. ‘ದಿ ಬ್ರದರ್ಸ್ ಹೂ ಬಿಲ್ಟ್ ದಿ ಟೆಂಪಲ್ ವರ್ ರಿಚ್’ ಎಂದು ಚಿಹ್ನೆಯಿಲ್ಲದೆ ಬರೆದರೆ, ಸಹೋದರರು ಇನ್ನೂ ಕೆಲವರಿದ್ದರು, ಅವರಲ್ಲಿ ಗುಡಿ ಕಟ್ಟಿಸಿದವರು ಮಾತ್ರ ಶ್ರೀಮಂತರು ಎಂಬ ಅರ್ಥ ಹೊರಡುತ್ತದೆ. ‘ದಿ ಬ್ರದರ್ಸ್, ಹೂ ಬಿಲ್ಟ್ ದಿ ಟೆಂಪಲ್, ವರ್ ರಿಚ್’ ಎಂದರೆ, ಸಹೋದರರೆಲ್ಲರೂ ಶ್ರೀಮಂತರು, ಅವರೆಲ್ಲ ಸೇರಿ ಗುಡಿ ಕಟ್ಟಿಸಿದರು ಎಂದಾಗುತ್ತದೆ. ಕನ್ನಡದ ‘ಕಟ್ಟಿಸಿದ ಸಹೋದರರು’ ಎಂಬ ಕೃದಂತವಿಶೇಷಣವು ಈ ಎರಡು ಅರ್ಥಗಳನ್ನೂ ಒಡಲಲ್ಲಿಟ್ಟುಕೊಂಡು ಸುಮ್ಮನಿರುತ್ತದೆ. ಸಂದರ್ಭದಿಂದ ಓದುಗನು ಗ್ರಹಿಸಬೇಕು. ಇಂಗ್ಲಿಷಿಗೆ ತರುವವನು ಸುಮ್ಮನಿರಲಾರ. ಕಾಮಾ ಇಟ್ಟರೂ ಒಂದು ನಿರ್ಣಯ, ಬಿಟ್ಟರೂ ಒಂದು ನಿರ್ಣಯ. ವ್ಯಾಖ್ಯಾನಕಾರನಾಗಲು ಇಚ್ಛೆಯಿಲ್ಲದ ಅನುವಾದಕನನ್ನೂ ಈ ಚಿಹ್ನೆಯು ವ್ಯಾಖ್ಯಾನಕಾರನನ್ನಾಗಿ ಮಾಡುತ್ತದೆ.

ಎರಡು ಪೂರ್ಣವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಹೊಲಿಯುವುದು ನಮ್ಮವರ ಇನ್ನೊಂದು ಅಭ್ಯಾಸ. ‘ಅಣ್ಣ ಗುಡಿ ಕಟ್ಟಿಸಿದ, ತಮ್ಮ ಗದ್ದೆ ಬಿಟ್ಟ’ ಎಂಬುದು ಕನ್ನಡದ ಜಾಯಮಾನಕ್ಕೆ ಒಗ್ಗಿದ ಮಾತು. ಇಂಗ್ಲಿಷಿನಲ್ಲಿ ಅಲ್ಲಿ ‘ಆಂಡ್’ ಮುಂತಾದ ಸಮುಚ್ಚಯಪದವನ್ನು ಸೇರಿಸಬೇಕು, ಇಲ್ಲವೇ ಅರ್ಧವಿರಾಮವನ್ನಿಡಬೇಕು, ಅದೂ ಅಲ್ಲವಾದರೆ ವಾಕ್ಯವನ್ನು ಮುಗಿಸಿಬಿಡಬೇಕು. ‘ಹೌಎವರ್’, ‘ದೇರ್‌ಫೋರ್’ ಎಂಬ ಪದಗಳನ್ನು ಸಮುಚ್ಚಯವೆಂದು ಭ್ರಮಿಸಿ ಅವುಗಳ ಹಿಂದೆ ಅಲ್ಪವಿರಾಮವನ್ನಷ್ಟೇ ಇಡುವವರು ಪದವೀಧರರಲ್ಲಿಯೂ ಉಂಟು. ಎರಡು ಪೂರ್ಣವಾಕ್ಯಗಳ ನಡುವೆ ಬಂದಾಗ ಅವುಗಳ ಹಿಂದೆ ಅರ್ಧವಿರಾಮವೂ ಮುಂದೆ ಅಲ್ಪವಿರಾಮವೂ ಬರಬೇಕು. ದೀರ್ಘವಾಕ್ಯವನ್ನು ಬರೆಯಬಯಸುವವನಿಗೆ ಅರ್ಧವಿರಾಮವೇ ಪರಮಮಿತ್ರ. ಒಳಗೆ ಅಲ್ಪವಿರಾಮಗಳು ತುಂಬಿದ ಖಂಡಗಳನ್ನು ಒಂದರಿಂದೊಂದು ಬೇರ್ಪಡಿಸಲು ಅದೇ ಬೇಕು. ಮೂವರು ದಾನಿಗಳ ಹೆಸರು, ಪ್ರತಿಯೊಬ್ಬನ ಹುದ್ದೆ, ಪ್ರತಿಯೊಬ್ಬನ ದತ್ತಿ ಇವುಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸಬೇಕಾದಾಗ ಅಲ್ಪವಿರಾಮವೊಂದರಿಂದಲೇ ಸಾಧಿಸಹೊರಟರೆ ಯಾವ ದತ್ತಿ ಯಾರದೆಂಬುದು ತಿಳಿಯದೆ ಹೋಗುತ್ತದೆ.

ಪಟ್ಟಿಯ ವಿಷಯವಂತೂ ಎರಡು ಭಾಷೆಗಳ ಸ್ವಭಾವವನ್ನು ಕನ್ನಡಿಯಂತೆ ತೋರುತ್ತದೆ. ‘ಪೆದ್ದಣ್ಣನೂ ಸೋವಣ್ಣನೂ ಕೇಸಣ್ಣನೂ’ ಎಂದಾಗ ಪ್ರತಿಯೊಂದು ಹೆಸರಿಗೂ ‘ಊ’ ಎಂಬ ಸಮುಚ್ಚಯವು ಅಂಟಿದೆ, ಚಿಹ್ನೆ ಬೇಡ. ಇಂಗ್ಲಿಷ್ ಒಂದೇ ‘ಆಂಡ್’ ಅನ್ನು ಕೊನೆಯ ಹೆಸರಿನ ಹಿಂದೆ ಇಟ್ಟು ಉಳಿದೆಡೆಯಲ್ಲಿ ಕಾಮಾಗಳನ್ನು ನೆಡುತ್ತದೆ. ಆ ‘ಆಂಡ್’ನ ಹಿಂದೆಯೂ ಒಂದು ಕಾಮಾ ಬೇಕೆ ಎಂಬುದು ಇಂಗ್ಲಿಷರಲ್ಲಿಯೇ ಬಗೆಹರಿಯದ ವಾದ. ನನ್ನ ಮಟ್ಟಿಗೆ, ಅರ್ಥಸಂದೇಹಕ್ಕೆ ಎಡೆಯಿದ್ದರೆ ಇಡುವುದೇ ಲೇಸು.

ಇದೆಲ್ಲ ವೈಯಾಕರಣರ ಕೂದಲು ಸೀಳುವ ಕೆಲಸವೆಂದು ಯಾರಾದರೂ ನಕ್ಕರೆ ಅವರಿಗೆ ನ್ಯಾಯಾಲಯದ ಬಾಗಿಲನ್ನು ತೋರಿಸಬೇಕು. ಕಾನೂನನ್ನು ಅರ್ಥೈಸುವಲ್ಲಿ ವಿರಾಮಚಿಹ್ನೆಯು ಗೌಣವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1952ರ ಅಶ್ವಿನಿಕುಮಾರ ಘೋಷ್ ಪ್ರಕರಣದಲ್ಲಿ ಹೇಳಿತ್ತು. ಅದೇ ನ್ಯಾಯಾಲಯವು, 1979ರಲ್ಲಿ ವರದಿಯಾದ ಮಹಮ್ಮದ್ ಶಬ್ಬೀರ್ ಪ್ರಕರಣದಲ್ಲಿ, ಔಷಧಗಳ ಕಾಯಿದೆಯ ಒಂದು ವಿಧಿಯನ್ನು ಪರಿಶೀಲಿಸುವಾಗ ಅಲ್ಪವಿರಾಮವನ್ನು ಬಲವಾಗಿ ಲೆಕ್ಕಕ್ಕೆ ತೆಗೆದುಕೊಂಡಿತು. ತಯಾರಿಸುವುದು, ಮಾರುವುದು ಎಂಬ ಪದಗಳ ತರುವಾಯ ಅಲ್ಪವಿರಾಮವಿದ್ದು, ದಾಸ್ತಾನು ಮಾಡುವುದು ಎಂಬರ್ಥದ ‘ಸ್ಟಾಕ್ಸ್’ ಪದದ ತರುವಾಯ ಅದು ಇರಲಿಲ್ಲ. ಆದುದರಿಂದ ‘ಮಾರಾಟಕ್ಕಾಗಿ’ ಎಂಬ ಮುಂದಿನ ವಿಶೇಷಣವು ದಾಸ್ತಾನಿಗೂ ಅನ್ವಯಿಸುತ್ತದೆ, ಮಾರಾಟದ ಉದ್ದೇಶವಿಲ್ಲದ ಬರಿಯ ದಾಸ್ತಾನು ಆ ವಿಧಿಯ ಪ್ರಕಾರ ಅಪರಾಧವಲ್ಲ ಎಂದು ತೀರ್ಮಾನವಾಯಿತು. ಇಲ್ಲದ ಒಂದು ಕಾಮಾ ಮನುಷ್ಯನ ಸೆರೆ ಬಿಡುಗಡೆಗಳಿಗೆ ಕಾರಣವಾಗಬಲ್ಲದು. ಶಾಸನದ ಎಲ್ಲೆಗೆ ದಿಕ್ಕಿನ ಹೆಸರನ್ನೇ ಬರೆಸಿದ ಹೆಗ್ಗಡೆಗಳ ವಿವೇಕವು ಈಗ ಅರ್ಥವಾದೀತು.

ವಚನವಾಙ್ಮಯದ ಅಭ್ಯಾಸಿಗಳಿಗೆ ಈ ವಿಚಾರವು ಇನ್ನೂ ಹತ್ತಿರದ್ದು. ಓಲೆಯ ಕಟ್ಟುಗಳಲ್ಲಿ ವಚನಗಳು ಎಡೆಬಿಡದೆ ಹರಿಯುತ್ತವೆ. ಒಂದು ವಚನವು ಮುಗಿಯಿತೆಂಬುದಕ್ಕೆ ಅಂಕಿತವೇ ಸಾಕ್ಷಿ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ರಾಮನಾಥ ಎಂಬ ಅಂಕಿತಗಳು ಭಕ್ತಿಯ ಸಂಬೋಧನೆಗಳೆಂಬುದು ನಿಜ. ಲಿಪಿಕಾರನ ಕಣ್ಣಿಗೆ ಅವು ಪೂರ್ಣವಿರಾಮಗಳೂ ಹೌದು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ, 1993ರಲ್ಲಿ ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ಗಳನ್ನು ಹೊರತಂದವರೆಗೆ, ಸಂಪಾದಕರ ಮುಂದೆ ಈ ಪ್ರಶ್ನೆ ಇದ್ದೇ ಇತ್ತು: ಸಾಲನ್ನು ಎಲ್ಲಿ ಒಡೆಯಬೇಕು, ಅಲ್ಪವಿರಾಮವನ್ನು ಎಲ್ಲಿಡಬೇಕು? ಇಂದು ನಾವು ಪುಸ್ತಕಗಳಲ್ಲಿ ಕಾಣುವ ಸಾಲುಗಳ ವಿಂಗಡಣೆಯೂ ಚಿಹ್ನೆಗಳೂ ಸಂಪಾದಕರವು, ಶರಣರವಲ್ಲ. ಪಾಠಾಂತರವನ್ನು ಚರ್ಚಿಸುವ ನಮ್ಮ ವಿದ್ಯಾರ್ಥಿಗಳು ಚಿಹ್ನಾಂತರವನ್ನು ಚರ್ಚಿಸುವುದು ಅಪರೂಪ. ಎರಡು ಮುದ್ರಣಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೇ ವಚನದ ಅಲ್ಪವಿರಾಮಗಳನ್ನು ಹೋಲಿಸಿ ನೋಡುವುದು ಅವರಿಗೆ ಒಳ್ಳೆಯ ಅಭ್ಯಾಸವಾದೀತು.

ವಚನಗಳು ಇಂಗ್ಲಿಷಿಗೆ ಹೋದಾಗ ಸಮಸ್ಯೆಯು ಬೇರೆ ರೂಪವನ್ನು ತಾಳಿತು. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ ಹೊರತಂದ ‘ಶೂನ್ಯಸಂಪಾದನೆ’ಯ ಅನುವಾದವು ಚಿಹ್ನೆಗಳ ನೆರವನ್ನು ಪಡೆದ ಪಾಂಡಿತ್ಯದ ಕೆಲಸ. 1973ರಲ್ಲಿ ಬಂದ ಎ. ಕೆ. ರಾಮಾನುಜನ್ನರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಸಾಲುಗಳ ಒಡೆತವೂ ಅಂಚಿನಿಂದ ಒಳಸರಿಸಿದ ಪಂಕ್ತಿಗಳೂ ವಿರಾಮಗಳ ಬಹುಭಾಗದ ಕೆಲಸವನ್ನು ವಹಿಸಿಕೊಂಡವು. ಯಾವುದು ಮೇಲೆಂಬ ತೀರ್ಪನ್ನು ನಾನು ಕೊಡಲಾರೆ. ಆದರೆ ‘ಅರಿವುಳ್ಳ ಶರಣರು ಪೂಜ್ಯರು’ ಎಂಬ ಸಾಮಾನ್ಯ ವಾಕ್ಯವೊಂದನ್ನು ನಾವೇ ಮಾಡಿಕೊಂಡು ಇಂಗ್ಲಿಷಿಗೆ ತಿರುಗಿಸಲು ಯತ್ನಿಸಿದರೆ ತೊಡಕು ತಿಳಿಯುತ್ತದೆ. ಅಲ್ಪವಿರಾಮಗಳ ನಡುವೆ ‘ಅರಿವುಳ್ಳ’ ಎಂಬುದನ್ನು ಇಟ್ಟರೆ ಶರಣರೆಲ್ಲರೂ ಅರಿವುಳ್ಳವರು, ಆದುದರಿಂದ ಎಲ್ಲರೂ ಪೂಜ್ಯರು. ಅಲ್ಪವಿರಾಮಗಳನ್ನು ತೆಗೆದರೆ ಶರಣರೆನಿಸಿಕೊಂಡವರಲ್ಲಿ ಅರಿವುಳ್ಳವರು ಮಾತ್ರ ಪೂಜ್ಯರು. ಮೊದಲನೆಯದು ಸ್ತುತಿ, ಎರಡನೆಯದು ಪರೀಕ್ಷೆ. ಲಾಂಛನಕ್ಕೂ ಅರಿವಿಗೂ ಇರುವ ಅಂತರವನ್ನು ಎತ್ತಿ ತೋರಿದ ವಚನಕಾರರ ಮಾತುಗಳನ್ನು ಅನುವಾದಿಸುವವನು ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡನೆಂಬುದು, ಕನ್ನಡ ಬಾರದ ಓದುಗನಿಗೆ ಶರಣಧರ್ಮವು ಹೇಗೆ ತೋರಬೇಕೆಂಬುದನ್ನೇ ನಿರ್ಧರಿಸುತ್ತದೆ.

ಕನ್ನಡದ ಅಚ್ಚಿನಲ್ಲಿ ಈ ಚಿಹ್ನೆಗಳು ನೆಲೆಯೂರಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. ಮಿಷನರಿಗಳ ಮುದ್ರಣಾಲಯಗಳು, ಶಾಲಾ ಪಠ್ಯಗಳು, ಪತ್ರಿಕೆಗಳು ಇವುಗಳ ಮೂಲಕ ಅಲ್ಪವಿರಾಮ ಪೂರ್ಣವಿರಾಮಗಳು ನಮ್ಮ ಗದ್ಯದ ಅಂಗವಾದವು. ಒಳ್ಳೆಯದೇ ಆಯಿತು. ಮೌನವಾಗಿ, ವೇಗವಾಗಿ ಓದುವ ಕಾಲಕ್ಕೆ ಅವು ಬೇಕು. ಆದರೆ ಕನ್ನಡದಲ್ಲಿ ಅವು ಇಂದಿಗೂ ಹೆಚ್ಚಾಗಿ ಉಸಿರಿನ ಗುರುತುಗಳು. ವಾಕ್ಯದ ಭಾರವನ್ನು ಹೊರುವುದು ಪ್ರತ್ಯಯವೇ. ಇಂಗ್ಲಿಷಿನಲ್ಲಿ ಅವು ಕಂಬಗಳು. ಈ ವ್ಯತ್ಯಾಸವನ್ನು ಅರಿಯದೆ ನಿಯಮಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿಯೇ ನಮ್ಮ ಪ್ರೌಢಶಾಲೆಗಳಲ್ಲಿ ಬಹುಕಾಲ ನಡೆದುಬಂದಿತು. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದ ವಿರಾಮಚಿಹ್ನೆಗಳ ಅಧ್ಯಾಯವು ಚಿಕ್ಕದು, ಒಳ್ಳೆಯದು. ಆದರೆ ಕನ್ನಡ ಮಾತೃಭಾಷೆಯ ಬಾಲಕನ ಕೈ ಎಲ್ಲಿ ಜಾರುತ್ತದೆಂಬುದನ್ನು ಅದು ಹೇಳಬೇಕೆಂದು ನಿರೀಕ್ಷಿಸಲಾಗದು. ಅದನ್ನು ಹೇಳಬೇಕಾದವನು ಕನ್ನಡ ಬಲ್ಲ ಉಪಾಧ್ಯಾಯ.

ಮೊದಲು ಕಟ್ಟಿದ ಮಾದರಿವಾಕ್ಯವನ್ನು ಇಂಗ್ಲಿಷಿಗೆ ತರಬೇಕಾದರೆ ನಾನು ಹೀಗೆ ಮಾಡಿಸುತ್ತೇನೆ. ಮೊದಲು ಕೊನೆಯ ‘ಕೊಟ್ಟನು’ ಎಂಬುದನ್ನು ಹುಡುಕಿ ಅದರ ಕರ್ತೃವಾದ ಹೆಗ್ಗಡೆಯನ್ನು ಅದರ ಬಳಿಗೆ ತರಬೇಕು. ಅವರಿಬ್ಬರ ನಡುವೆ ಒಂಟಿ ಕಾಮಾ ಬಾರದಂತೆ ಎಚ್ಚರ ವಹಿಸಬೇಕು. ‘ಆಳುತ್ತಿರಲು’ ಎಂಬವರೆಗಿನ ಭಾಗವನ್ನು ‘ವ್ಹೆನ್’ ಎಂದು ಆರಂಭಿಸಿ ಅದರ ಕೊನೆಯಲ್ಲಿ ಅಲ್ಪವಿರಾಮವನ್ನಿಡಬೇಕು. ಅರಸನ ಎರಡು ಬಿರುದುಗಳನ್ನು ಅವನ ಹೆಸರಿನ ಹಿಂದುಮುಂದಿನ ಜೋಡಿ ಕಾಮಾಗಳೊಳಗೆ ಸೇರಿಸಬೇಕು. ‘ಪಾದಪದ್ಮೋಪಜೀವಿ’ಗೂ ಅಂತಹದೇ ಒಂದು ಜೋಡಿ. ‘ಕಟ್ಟಿಸಿ’, ‘ಪ್ರತಿಷ್ಠಿಸಿ’ ಎಂಬುವನ್ನು ಪೂರ್ಣಕ್ರಿಯೆಗಳಾಗಿ ಮಾಡಿ, ‘ಕೊಟ್ಟನು’ ಎಂಬುದರೊಡನೆ ಮೂರರ ಪಟ್ಟಿಯಾಗಿಸಬೇಕು. ‘ಧಾರೆಯೆರೆದು’ ಎಂಬುದನ್ನು ಮಾತ್ರ ಕ್ರಿಯೆಯಾಗಿಸದೆ, ದಾನದ ವಿಧಾನವೆಂದು ತಿಳಿದು, ಕ್ರಿಯೆಯ ಬೆನ್ನಿಗೇ ಚಿಹ್ನೆಯಿಲ್ಲದೆ ಸೇರಿಸಬೇಕು. ಏಕೆಂದರೆ ಧಾರೆಯೆರೆಯದೆ ಕೊಟ್ಟ ಗದ್ದೆಯು ದತ್ತಿಯಾಗುವುದಿಲ್ಲ.